ಶಹಾಬಾದ್ ರಸ್ತೆಯಲ್ಲಿ 16,000 ಕಿಲೋಮೀಟರ್ ಓಡಿದ ಚೈನ್ ಸೆಟ್

ಹೋದ ವರ್ಷ ಯುಗಾದಿಗೆ ಮುಂಚೆ ನನ್ನ 150 ಸಿಸಿ ಬೈಕಿಗೆ ಹೊಸ ಚೈನ್ ಸೆಟ್ ಹಾಕಿದೆ, ಅಂದರೆ ಚೈನ್ ಮತ್ತು ಅದು ಸುತ್ತುವ ಮುಂದಿನ, ಹಿಂದಿನ ಹಲ್ಲುಚಕ್ರಗಳು (ಸ್ಪ್ರಾಕೆಟ್ಟುಗಳು). ಮನೆಯಲ್ಲೇ, ನಾನೇ. ಕಲಬುರಗಿಯಿಂದ ಶಹಾಬಾದಿಗೆ ದಿನಾ ಹೋಗಿ ಬರುತ್ತೇನೆ, ಹಾಗಾಗಿ ಒಂದು ವರ್ಷಕ್ಕೇ 16,000 ಕಿಲೋಮೀಟರ್ ಆಯಿತು. ಮೂರನೇ ತಿಂಗಳಿಗೇ ಇದನ್ನು ಬರೆದಿದ್ದರೆ ಸೆಟ್ ಮಾಡಿದವರನ್ನು ಸುಮ್ನೆ ಬೈದುಬಿಡುತ್ತಿದ್ದೆ. ತಪ್ಪು ನನ್ನದೇ ಇತ್ತು, ಅದನ್ನು ಆಮೇಲೆ ಹೇಳ್ತೀನಿ.

ಹಳೇ ಚೈನ್ ಸವೆದಿದ್ದು ಅಳತೆಯಲ್ಲೇ ಗೊತ್ತಾಯಿತು. ನನ್ನದು 428 ಚೈನ್, ಒಂದು ಪಿನ್ನಿಂದ ಇನ್ನೊಂದಕ್ಕೆ ಅರ್ಧ ಇಂಚು. ಹೊಸದರಲ್ಲಿ 20 ಕೊಂಡಿ ಅಳೆದರೆ 254 ಮಿಲಿಮೀಟರ್ ಬರಬೇಕು, ನನ್ನದು 260 ದಾಟಿತ್ತು. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಗರಗಸದ ಹಾಗೆ ಒಂದೇ ಕಡೆ ವಾಲಿದ್ದವು. "ಚೈನ್ ಒಂದೇ ಬದಲಿ ಮಾಡ್ರಿ, ಗಾಡಿ ಇನ್ನೊಂದು ವರ್ಷ ಓಡ್ತದ" ಅಂದರು ಪಕ್ಕದ ಮನೆಯ ಕಾಕಾ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ, ಹಾಗಾಗಿ ಮೂರೂ ಒಟ್ಟಿಗೇ ತಂದೆ. ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ 1,150 ರೂಪಾಯಿ. ದುಡ್ಡು ಕೊಡುವ ಮೊದಲು ಎರಡೂ ಸ್ಪ್ರಾಕೆಟ್ಟಿನ ಹಲ್ಲು ಹಳೆಯದರಷ್ಟೇ ಇವೆಯಾ ಅಂತ ಎಣಿಸಿಕೊಳ್ಳಿ. ಅಂಗಡಿಯವರು ನಗಲಿ ಬಿಡಿ.

ಕೆಲಸದಲ್ಲಿ ಕಷ್ಟ ಇರೋದು ಒಂದೇ ಜಾಗ, ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟು. ನಾನು ಜಾಣನ ಹಾಗೆ ಮೊದಲು ಹಳೇ ಚೈನ್ ಬಿಚ್ಚಿ ಪಕ್ಕಕ್ಕಿಟ್ಟೆ, ಆಮೇಲೆ ಪಾನಾ ಹಾಕಿದರೆ ಸ್ಪ್ರಾಕೆಟ್ಟೂ ಜೊತೆಗೇ ತಿರುಗುತ್ತದೆ, ಹಿಡಿಯೋದಕ್ಕೆ ಏನೂ ಇಲ್ಲ! ಮತ್ತೆ ಚೈನ್ ಜೋಡಿಸಿ, ಗೇರಿಗೆ ಹಾಕಿ, ಮಗನಿಗೆ ಹಿಂದಿನ ಬ್ರೇಕ್ ಒತ್ತಿ ಹಿಡಿ ಅಂತ ಹೇಳಿ ಬಿಚ್ಚಬೇಕಾಯಿತು. ಉಳಿದದ್ದೆಲ್ಲ ಸಲೀಸು. ಚೈನ್ ಲಾಕ್ (ಚೈನಿನ ಎರಡು ತುದಿ ಜೋಡಿಸುವ, ಕ್ಲಿಪ್ ಇರುವ ಕೊಂಡಿ) ಹಾಕುವಾಗ ಮಾತ್ರ ಕಣ್ಣಿಟ್ಟು ನೋಡಿ: ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಉಲ್ಟಾ ಆದರೆ ಎಲ್ಲಾದರೂ ತಗುಲಿ ದಾರಿಯಲ್ಲೇ ಕಳಚಿಕೊಳ್ಳಬಹುದು.

ಈಗ ನನ್ನ ತಪ್ಪು. ಹೊಸ ಚೈನ್ ಅಲ್ವಾ, ಜೋತು ಬೀಳಬಾರದು ಅಂತ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಬಿಗಿಯಾಗಿ ಎಳೆದಿಟ್ಟೆ. ಒಬ್ಬನೇ ಹೋಗುವಾಗ ಏನೂ ಇಲ್ಲ. ಹಿಂದೆ ಹೆಂಡತಿ ಕೂತು, ಟ್ಯಾಂಕಿನ ಮೇಲೆ ಹತ್ತು ಕೆಜಿ ತೊಗರಿ ಬೇಳೆ ಚೀಲ ಇಟ್ಟರೆ ಕರಕರ ಸದ್ದು. ಎರಡೂವರೆ ತಿಂಗಳು ಸೆಟ್ಟೇ ಸರಿಯಿಲ್ಲ ಅಂತ ಅಂದುಕೊಂಡೆ. ಭಾರ ಬಿದ್ದಾಗ ಹಿಂದಿನ ಗಾಲಿ ಮೇಲೆ ಏರುತ್ತದೆ, ಆಗ ಮುಂದಿನ ಸ್ಪ್ರಾಕೆಟ್ಟಿಗೂ ಗಾಲಿಯ ಆಕ್ಸಲ್ಲಿಗೂ ದೂರ ಜಾಸ್ತಿಯಾಗಿ ಚೈನ್ ಇನ್ನೂ ಬಿಗಿಯುತ್ತದೆ. ಈಗ ಕೆಳಗಿನ ಭಾಗದ ನಡುವೆ 25ರಿಂದ 30 ಮಿಲಿಮೀಟರ್ ಆಡುವಷ್ಟು ಬಿಡುತ್ತೇನೆ, ಅದೂ ಗಾಲಿ ತಿರುಗಿಸಿ ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲೇ ನೋಡಿ. ಸದ್ದು ಅವತ್ತೇ ನಿಂತಿತು.

ನಮ್ಮ ಕಡೆ ಚೈನಿಗೆ ದೊಡ್ಡ ಶತ್ರು ಧೂಳು. ಶಹಾಬಾದಿನ ಫರ್ಶಿ (ನೆಲಕ್ಕೆ ಹಾಸುವ ಕಲ್ಲು) ಗಣಿಗಳ ಕಲ್ಲುಪುಡಿ ಸಾಕಾಗಲ್ಲ ಅಂತ ಮಳೆಗಾಲದಲ್ಲಿ ಎರೆ ಮಣ್ಣು ಬೇರೆ ಮೆತ್ತಿಕೊಳ್ಳುತ್ತದೆ. ಗ್ರೀಸ್ ಬಳಿದರೆ ಆ ಪುಡಿ ಅದಕ್ಕೇ ಅಂಟಿ ಅರೆಯುತ್ತದೆ, ಹಳೇ ಇಂಜಿನ್ ಆಯಿಲ್ಲಂತೂ ಬೇಡವೇ ಬೇಡ. 500 ಕಿಲೋಮೀಟರಿಗೊಮ್ಮೆ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ತೊಳೆದು, ಒರೆಸಿ, 90 ನಂಬರ್ ಗೇರ್ ಆಯಿಲ್ ಒಳಬದಿಗೆ ಹನಿಸುತ್ತೇನೆ. ಇಂಜಿನ್ ಬಂದ್ ಮಾಡಿ, ಗಾಲಿ ಕೈಯಲ್ಲೇ ತಿರುಗಿಸಿ. ಅವಸರದಲ್ಲಿ ಇಂಜಿನ್ ಚಾಲೂ ಇಟ್ಟು ಬಟ್ಟೆ ಹಿಡಿದರೆ ಬೆರಳು ಹೋಗುತ್ತದೆ.

ಇವತ್ತಿನ ಲೆಕ್ಕ: 20 ಕೊಂಡಿಗೆ 257 ಮಿಲಿಮೀಟರ್. ಹಿಂದಿನ ಸ್ಪ್ರಾಕೆಟ್ ಚೆನ್ನಾಗಿದೆ, ಮುಂದಿನದು ಸ್ವಲ್ಪ ಕೊಕ್ಕೆಯಾಗುತ್ತಿದೆ. ಅದು ಚಿಕ್ಕದು, ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಇದು ಹೆಚ್ಚುಕಡಿಮೆ ಮೂರು ಸುತ್ತುತ್ತದೆ, ಸವೆಯದೆ ಏನು ಮಾಡೀತು. ಆ ಎರಡೂವರೆ ತಿಂಗಳ ಬಿಗಿಯೂ ಸೇರಿರಬೇಕು. ಬೇಜಾರು ಅಂದರೆ ಸೆಟ್ಟಿನ ಜೊತೆ ಬಂದ ಲಾಕ್ ಕ್ಲಿಪ್ಪು ತೆಳುವಾಗಿತ್ತು, ಬೇರೆ ತಂದು ಹಾಕಿದೆ. ಐದಕ್ಕೆ ನಾಲ್ಕು ಕೊಡ್ತೀನಿ, ಮುಂದಿನ ಸಲವೂ ಇದನ್ನೇ ತರುತ್ತೇನೆ. ಅಂಗಳದ ಫರ್ಶಿ ಮೇಲಿನ ಕರಿ ಕಲೆ ಮಾತ್ರ ಇನ್ನೂ ಹೋಗಿಲ್ಲ, ಮನೆಯಲ್ಲಿ ದಿನಾ ನೆನಪಿಸುತ್ತಾರೆ. ನೀವು ಕೆಳಗೊಂದು ಹಳೇ ಗೋಣಿಚೀಲ ಹಾಸಿಕೊಳ್ಳಿ.