ಸಾಗರದಲ್ಲಿ ಮನೆ ಕಟ್ಟಲು ಸರ್ಕಾರಿ ಬ್ಯಾಂಕಿನ ಸಾಲ: ಬಡ್ಡಿ ಸರಿ ಇದೆ, ಕಂತು ಬಂದಿದ್ದು ಮಳೆ ಬಂದ ಮೇಲೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ಬಡ್ಡಿಗೆ ಐದು, ಕಂತು ಬಿಡುಗಡೆ ಮಾಡಿದ ರೀತಿಗೆ ಎರಡು. ಸರಾಸರಿ ಅಷ್ಟೇ ಬರುತ್ತದೆ.

ಬ್ಯಾಂಕಿನ ಹೆಸರು ಬರೆಯುವುದಿಲ್ಲ, ಸರ್ಕಾರಿ ಬ್ಯಾಂಕು ಅಂತ ಮಾತ್ರ ತಿಳಿದುಕೊಳ್ಳಿ. ನಮ್ಮದು ಸಾಗರ ಪೇಟೆಯ ಅಂಚಿನಲ್ಲಿ ಮೂವತ್ತು-ಐವತ್ತರ ಸೈಟು, ಒಂಬೈನೂರೈವತ್ತು ಚದರಡಿ ಮನೆ. ನಾನು ಖಾಸಗಿ ಹೈಸ್ಕೂಲಿನಲ್ಲಿ ಟೀಚರು, ನಮ್ಮನೆಯವರದ್ದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಕಟ್ಟಡದ ಅಂದಾಜು 27 ಲಕ್ಷ, ಅದರಲ್ಲಿ ಸಾಲ 22 ಲಕ್ಷ, ಇಪ್ಪತ್ತು ವರ್ಷಕ್ಕೆ. ಉಳಿದ ಐದು ನಮ್ಮ ಕೈಯಿಂದ.

ಈ ಸಾಲಕ್ಕೇ ಹೋಗಿದ್ದು ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನಕ್ಕಾಗಿ. ಹಳೇ ಬಡ್ಡಿ ಸಬ್ಸಿಡಿ 2022ರ ಮಾರ್ಚ್‌ಗೆ ನಿಂತುಹೋಗಿತ್ತು. 2024ರ ಸೆಪ್ಟೆಂಬರ್ 1ರಿಂದ ನಗರ ಪ್ರದೇಶಕ್ಕೆ 2.0 ಅಂತ ಮತ್ತೆ ಶುರುವಾಯಿತು. ಕುಟುಂಬದ ವರ್ಷದ ಆದಾಯ 9 ಲಕ್ಷದ ಒಳಗಿರಬೇಕು, ಸಾಲ 25 ಲಕ್ಷ ದಾಟಬಾರದು, ಮನೆಯ ಬೆಲೆ 35 ಲಕ್ಷ ದಾಟಬಾರದು. ನಮ್ಮದು ಸೈಟಿನ ಬೆಲೆ ಸೇರಿಸಿ 34 ಆಯಿತು, ಸ್ವಲ್ಪದರಲ್ಲಿ ಉಳಿದುಕೊಂಡೆವು. ಸಾಲದ ಮೊದಲ 8 ಲಕ್ಷಕ್ಕೆ 12 ವರ್ಷದ ಲೆಕ್ಕದಲ್ಲಿ ಶೇ. 4 ಬಡ್ಡಿ ಸಹಾಯಧನ. ಎಲ್ಲ ಸೇರಿ ಹೆಚ್ಚೆಂದರೆ 1.80 ಲಕ್ಷ, ಅದೂ ಐದು ವರ್ಷದ ಕಂತಿನಲ್ಲಿ ನೇರ ಸಾಲದ ಖಾತೆಗೆ ಬೀಳುತ್ತದೆ. "ಸರ್ಕಾರ ಎರಡು ಲಕ್ಷ ಕೈಗೆ ಕೊಡುತ್ತದಂತೆ" ಅಂತ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕೈಗೆ ಏನೂ ಬರುವುದಿಲ್ಲ.

ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು ಅಂತ ಬರೆದುಕೊಡಬೇಕು. ಹೊಸನಗರದ ಕಡೆ ಮಾವನವರ ಹಂಚಿನ ಮನೆ ಇದೆಯಲ್ಲ ಅಂತ ನಾವು ಹೆದರಿದ್ದೆವು. ಇಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಆ ಮನೆ ಮಾವನ ಹೆಸರಲ್ಲಿ ಇರುವುದರಿಂದ ತೊಂದರೆ ಆಗಲಿಲ್ಲ.

ಕಾಗದಪತ್ರದ ಕಥೆ ಜಾಸ್ತಿ ಹೇಳುವುದಿಲ್ಲ. ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಇ.ಸಿ. (ಜಾಗದ ಮೇಲೆ ಸಾಲ-ಋಣ ಇಲ್ಲ ಅನ್ನುವ ಪತ್ರ), ಇ-ಖಾತಾ, ಭೂ ಪರಿವರ್ತನೆ ಆದೇಶ, ಲೇಔಟ್ ಅನುಮೋದನೆ, ಕಟ್ಟಡ ಪರವಾನಗಿ, ಕಂದಾಯ ರಸೀದಿ. ಬ್ಯಾಂಕಿನ ಪ್ಯಾನೆಲ್ ವಕೀಲರು ಎರಡು ಸಲ ವಾಪಸ್ ಕಳಿಸಿದರು, ಮೂರನೇ ಸಲ ಒಪ್ಪಿದರು. ಅದರಲ್ಲಿ ನನಗೆ ಸಿಟ್ಟಿಲ್ಲ, ನಮ್ಮ ಪತ್ರ ಸರಿ ಇದೆ ಅಂತ ಬೇರೆಯವರ ಬಾಯಲ್ಲಿ ಕೇಳಿದ ಹಾಗಾಯಿತು. ಆದರೆ ಮಲೆನಾಡಿನಲ್ಲಿ ಎಷ್ಟು ಜನಕ್ಕೆ ಇಷ್ಟು ಕಾಗದ ಇರುತ್ತದೆ ಹೇಳಿ? ಬಗರ್‌ಹುಕುಂ ಜಾಗ, ಕಾಡಿನ ತಕರಾರು ಇರುವ ಸರ್ವೆ ನಂಬರು, ಲಿಂಗನಮಕ್ಕಿ ಹಿನ್ನೀರಿನಿಂದ ಎದ್ದು ಬಂದವರಿಗೆ ಕೊಟ್ಟ ಜಾಗ. ಅಲ್ಲೇ ಎರಡು ತಲೆಮಾರು ಬಾಳಿದವರಿಗೂ ಇಂಥ ಸಾಲ ದೂರದ ಮಾತು. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅದೇ ಕಾರಣಕ್ಕೆ ಸೊಸೈಟಿಯಲ್ಲಿ ದುಬಾರಿ ಬಡ್ಡಿಗೆ ತೆಗೆದುಕೊಂಡು ಕಟ್ಟುತ್ತಿದ್ದಾರೆ.

ಈಗ ಮುಖ್ಯ ವಿಷಯ. ಮನೆ ಕಟ್ಟುವ ಸಾಲದ ದುಡ್ಡು ಒಟ್ಟಿಗೆ ಬರುವುದಿಲ್ಲ. ಮೊದಲು ನಿಮ್ಮ ಪಾಲಿನ ದುಡ್ಡು ಹಾಕಿ ಪಾಯ ಮುಗಿಸಬೇಕು, ಆಮೇಲೆ ಲಿಂಟಲ್, ಆಮೇಲೆ ಸ್ಲ್ಯಾಬ್, ಆಮೇಲೆ ಪ್ಲಾಸ್ಟರ್, ಕೊನೆಗೆ ಉಳಿದ ಕೆಲಸ. ಒಂದೊಂದು ಹಂತ ಮುಗಿದಾಗಲೂ ಅರ್ಜಿ ಕೊಡಬೇಕು, ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ರಿಪೋರ್ಟ್ ಕೊಡಬೇಕು, ಆಮೇಲೆ ಮುಂದಿನ ಕಂತು. ಮೇಸ್ತ್ರಿಗೆ ಈ ಲೆಕ್ಕ ಬೇಡ. ಅವರಿಗೆ ಶನಿವಾರ ಬಟವಾಡೆ ಆಗಬೇಕು ಅಷ್ಟೇ.

ನಮ್ಮ ಕಡೆ ಕಟ್ಟಡದ ಕೆಲಸಕ್ಕೆ ಇರುವ ಕಾಲವೇ ಚಿಕ್ಕದು. ದೀಪಾವಳಿ ತನಕ ಮಳೆ ನಂಬುವ ಹಾಗಿಲ್ಲ. ಅದಾದ ಮೇಲೆ ಕೊನೆಕೊಯ್ಲು ಶುರು, ಆಳುಗಳೆಲ್ಲ ಅಡಿಕೆ ತೋಟಕ್ಕೆ ಹೋಗುತ್ತಾರೆ. ಧನುರ್ಮಾಸದಲ್ಲಿ ಗುದ್ದಲಿ ಪೂಜೆ ಬೇಡ ಅಂತ ಅತ್ತೆ. ಹಾಗಾಗಿ ಡಿಸೆಂಬರಿನಲ್ಲಿ ಸಾಲ ಮಂಜೂರಾಗಿದ್ದರೂ ನಾವು ಪಾಯ ತೆಗೆದಿದ್ದು 2025ರ ಸಂಕ್ರಾಂತಿ ಆದ ಮೇಲೆ. ಸಂಕ್ರಾಂತಿಯಿಂದ ಮೇ ತನಕ ಅಂದರೆ ನಾಲ್ಕು ತಿಂಗಳು, ಅಷ್ಟರಲ್ಲಿ ತಲೆ ಮೇಲೆ ಸೂರು ಬರಬೇಕು. ಜಂಬಿಟ್ಟಿಗೆ ಕಲ್ಲಿನ ಗೋಡೆ ಬೇಗ ಏಳುತ್ತದೆ, ಪುಣ್ಯಕ್ಕೆ. ಪಾಯದ ನಂತರದ ಮೊದಲ ಕಂತು 4 ಲಕ್ಷ ಹತ್ತೇ ದಿನಕ್ಕೆ ಬಂತು. ಆಹಾ ಎಂಥ ಬ್ಯಾಂಕು ಅಂದುಕೊಂಡೆ.

ಲಿಂಟಲ್ ಮುಗಿದಿದ್ದು ಏಪ್ರಿಲ್ 20ಕ್ಕೆ. ಮರುದಿನವೇ ಅರ್ಜಿ ಕೊಟ್ಟೆವು. ಎಂಜಿನಿಯರ್ ಶಿವಮೊಗ್ಗದಿಂದ ಬರಬೇಕು, ಎಪ್ಪತ್ತು ಕಿಲೋಮೀಟರ್, ಅವರಿಗೆ ಸಾಗರ, ಸೊರಬ, ಹೊಸನಗರ ಎಲ್ಲ ಒಬ್ಬರಿಗೇ. "ಮೇಡಂ, ನಾಳೆ ಬರ್ತೀನಿ" ಅಂತ ಐದು ಸಲ ಹೇಳಿ ಮೇ 9ಕ್ಕೆ ಬಂದರು. ಮನುಷ್ಯರು ಒಳ್ಳೆಯವರು, ಸ್ಲ್ಯಾಬಿಗೆ ಕಟ್ಟಿದ್ದ ಸೆಂಟ್ರಿಂಗ್ ನೋಡಿ ಒಂದೆರಡು ಕಡೆ ಕಬ್ಬಿಣ ಸರಿಮಾಡಿಸಿದರು. ರಿಪೋರ್ಟ್ ಹೋಯಿತು. ಬ್ಯಾಂಕಿನಲ್ಲಿ ಸಾಲದ ಆಫೀಸರ್ ವರ್ಗಾವಣೆ ಆಗಿದ್ದರು, ಹೊಸಬರಿಗೆ ಇನ್ನೂ ಲಾಗಿನ್ ಆಗಿರಲಿಲ್ಲವಂತೆ. ಅಷ್ಟರಲ್ಲಿ ಸಂಜೆ ಸಂಜೆ ಗುಡುಗು. ಸೆಂಟ್ರಿಂಗ್ ಶೀಟಿನ ಬಾಡಿಗೆ ಬೇರೆ ದಿನಕ್ಕಿಷ್ಟು ಅಂತ ಏರುತ್ತಿತ್ತು. ಮೇಸ್ತ್ರಿ ಒಂದೇ ಮಾತು ಹೇಳಿದರು, "ಅಕ್ಕಾ, ಈ ವಾರ ಮೋಲ್ಡ್ ಹಾಕ್ದಿದ್ರೆ ಇನ್ನು ದೀಪಾವಳಿಗೇ."

ಕೊನೆಗೆ ಭಾವನ ಹತ್ತಿರ ಮೂರು ಲಕ್ಷ ಕೈಸಾಲ ತಂದೆವು. ಆ ವರ್ಷದ ಅಡಿಕೆ ಮಂಡಿಗೆ ಹಾಕಿ ಬಂದ ದುಡ್ಡು, ಒಂದು ಮಾತು ಆಡದೆ ಕೊಟ್ಟರು. ಮೇ 14ಕ್ಕೆ ಸ್ಲ್ಯಾಬ್ ಹಾಕಿದೆವು. ಆ ವರ್ಷ ಮುಂಗಾರು ಎಂಟು ದಿನ ಮೊದಲೇ, ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತ್ತು ನೆನಪಿದೆಯಾ? ನಮ್ಮ ಕಂತು ಬಂದಿದ್ದು ಮೇ 27ಕ್ಕೆ. ಧೋ ಅಂತ ಮಳೆ ಸುರಿಯುವಾಗ ಮೊಬೈಲಿಗೆ ಆರು ಲಕ್ಷ ಜಮಾ ಅಂತ ಮೆಸೇಜು. ಒಂದು ಲಾಭ ಅಂದರೆ ತಾರಸಿಗೆ ನೀರು ಕಟ್ಟುವ ಕೆಲಸ ತಪ್ಪಿತು.

ಅದಕ್ಕೇ ಹೇಳುತ್ತೇನೆ, ಈ ಸಾಲ ತೆಗೆದುಕೊಳ್ಳುವವರು ನಿಮ್ಮ ಪಾಲಿನ ದುಡ್ಡು ಬಿಟ್ಟು, ಒಂದು ಹಂತಕ್ಕೆ ಬೇಕಾಗುವಷ್ಟು ಬೇರೆ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ. ಬ್ಯಾಂಕಿನವರು ಇದನ್ನು ಮೊದಲೇ ಹೇಳುವುದಿಲ್ಲ, ನಮಗಂತೂ ಹೇಳಲಿಲ್ಲ. ಬಯಲುಸೀಮೆಯಲ್ಲಿ ಕಂತು ಒಂದು ತಿಂಗಳು ತಡವಾದರೆ ಮನೆ ಒಂದು ತಿಂಗಳು ತಡ. ಇಲ್ಲಿ ಒಂದು ತಿಂಗಳು ತಡವಾದರೆ ಐದು ತಿಂಗಳು ತಡ, ಜೊತೆಗೆ ಗೋಡೆಯ ಮೇಲೆ ಪಾಚಿ.

ಅಂದಾಜು ಪಟ್ಟಿಯ ವಿಷಯದಲ್ಲೂ ಹುಷಾರು. ಮಳೆಗೆ ಸ್ಲ್ಯಾಬಿನ ಮೇಲೆ ಹಂಚಿನ ಮಾಡು, ಹಿಂದೆ ಬಚ್ಚಲ ಒಲೆಗೆ ಒಂದು ಇಳಿಮಾಡು, ಸೌದೆ ಇಡಲು ಜಾಗ. ಇದೆಲ್ಲ ನಮಗೆ ಮನೆಯೇ ಅಲ್ವಾ? ಬ್ಯಾಂಕಿನ ಅಂದಾಜಿನಲ್ಲಿ ಇದು ಯಾವುದೂ ಬರಲಿಲ್ಲ. ಮೊದಲೇ ಎಸ್ಟಿಮೇಟಿನಲ್ಲಿ ಬರೆಸಿದ್ದರೆ ಬರುತ್ತಿತ್ತೇನೋ, ನಮಗೆ ಹೊಳೆಯಲಿಲ್ಲ.

ಇನ್ನು ಬಡ್ಡಿ. ಇದಕ್ಕೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ. ಮಂಜೂರಾದಾಗ ಶೇ. 8.50 ಇತ್ತು. ರೆಪೋ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಕಟ್ಟಿದ ಸಾಲ ಆದ್ದರಿಂದ, 2025ರಲ್ಲಿ ರಿಸರ್ವ್ ಬ್ಯಾಂಕ್ ನಾಲ್ಕು ಸಲ ಸೇರಿ ಶೇ. 1.25 ಇಳಿಸಿದಾಗ ನಮ್ಮದೂ 7.25ಕ್ಕೆ ಬಂತು. 22 ಲಕ್ಷಕ್ಕೆ ಇಪ್ಪತ್ತು ವರ್ಷದ ಇಎಂಐ (ತಿಂಗಳ ಕಂತು) ಮಂಜೂರಾದಾಗಿನ ಬಡ್ಡಿಗೆ ಸುಮಾರು 19,090, ಇಳಿದ ಮೇಲೆ 17,390. ಆದರೆ ಇಎಂಐ ಇಳಿಸಬೇಕಾ, ವರ್ಷ ಕಡಿಮೆ ಮಾಡಬೇಕಾ ಅಂತ ನೀವೇ ಹೋಗಿ ಹೇಳಿ ಬನ್ನಿ. ಕಟ್ಟುವಾಗ ಬಿಡುಗಡೆಯಾದ ದುಡ್ಡಿಗೆ ಮಾತ್ರ ಬಡ್ಡಿ ಕಟ್ಟಬೇಕು. ನಾಲ್ಕು ಲಕ್ಷ ಬಂದಾಗ ತಿಂಗಳಿಗೆ 2,800 ಚಿಲ್ಲರೆ ಕಟ್ಟುತ್ತಿದ್ದೆವು. ಇದ್ದ ಬಾಡಿಗೆ ಮನೆಯ ಜೊತೆ ಅದನ್ನು ತಡೆದುಕೊಳ್ಳಬಹುದು.

ಬದಲಾಗುವ ಬಡ್ಡಿಯ ಸಾಲವನ್ನು ಮುಂಚೆ ತೀರಿಸಿದರೆ ದಂಡ ಇಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ಅಡಿಕೆಗೆ ರೇಟು ಬಂದ ವರ್ಷ ದೊಡ್ಡ ಮೊತ್ತ ಕಟ್ಟಿಬಿಡಿ ಅಂತ ಭಾವ ಹೇಳುತ್ತಿದ್ದರು. ಅಲ್ಲೊಂದು ಕೊಕ್ಕೆ ಇದೆ. ಸಹಾಯಧನದ ಕಂತು ಬರುವ ಹೊತ್ತಿಗೆ ಸಾಲ ಚಾಲ್ತಿಯಲ್ಲಿರಬೇಕು, ಅಸಲು ಅರ್ಧಕ್ಕಿಂತ ಜಾಸ್ತಿ ಬಾಕಿ ಇರಬೇಕು. ಹಾಗಾಗಿ ಐದು ವರ್ಷ ಲೆಕ್ಕ ನೋಡಿಕೊಂಡೇ ಕಟ್ಟಬೇಕು.

ಒಂದು ಸಿಟ್ಟು ಇನ್ನೂ ಇದೆ. ಸಹಿ ಹಾಕುವ ದಿನ, ಸಾಲದ ಜೊತೆ ಜೀವವಿಮೆ ಮಾಡಿಸಲೇಬೇಕು ಅಂತ ಒಂದು ಫಾರಂ ಮುಂದಿಟ್ಟರು. ಪ್ರೀಮಿಯಂ ಒಂದೇ ಸಲ, ಅದನ್ನೂ ಸಾಲಕ್ಕೇ ಸೇರಿಸುತ್ತಾರಂತೆ. ಕಡ್ಡಾಯ ಅಂತ ಎಲ್ಲಿ ಬರೆದಿದೆ, ಅದನ್ನು ಕಾಗದದಲ್ಲಿ ಕೊಡಿ ಅಂದೆ. ಫಾರಂ ಮೆಲ್ಲಗೆ ಡ್ರಾಯರಿಗೆ ಹೋಯಿತು. ವಿಮೆ ಕೆಟ್ಟದ್ದು ಅಂತ ಅಲ್ಲ, ನಮ್ಮನೆಯವರು ಆಮೇಲೆ ಬೇರೆ ಟರ್ಮ್ ಪಾಲಿಸಿ ಮಾಡಿಸಿದರು. ಸುಮ್ನೆ ಹೆದರಿಸಿ ಮಾರುವುದು ಸರಿಯಲ್ಲ.

ಮಳೆ ಬಿಟ್ಟ ಮೇಲೆ ಪ್ಲಾಸ್ಟರ್ ಆಯಿತು. ಸಿಮೆಂಟಿನ ಜಿಎಸ್‌ಟಿ ಸೆಪ್ಟೆಂಬರ್ 22ಕ್ಕೆ ಶೇ. 28ರಿಂದ 18ಕ್ಕೆ ಇಳಿಯಿತು, ಸ್ಲ್ಯಾಬಿನ ಸಿಮೆಂಟ್ ಅಷ್ಟೂ ಹಳೇ ರೇಟಿನಲ್ಲೇ ತಂದಿದ್ದೆವು, ನಮ್ಮ ಅದೃಷ್ಟ. ಈ ಮಾಘದಲ್ಲಿ ಗೃಹಪ್ರವೇಶ ಮಾಡಿ ಒಳಗೆ ಬಂದಿದ್ದೇವೆ. ಭಾವನ ದುಡ್ಡು ತೀರಿದೆ, ಬಡ್ಡಿ ಅಂದಿದ್ದಕ್ಕೆ ಬೈದರು.

ಕೊನೆಯ ಕಂತು ಒಂದೂವರೆ ಲಕ್ಷ ಇನ್ನೂ ಬಾಕಿ. ಕೆಲಸ ಪೂರ್ತಿ ಮುಗಿದ ಫೋಟೋ ಬೇಕಂತೆ. ಅಡುಗೆಮನೆ ಕಪಾಟಿಗೆ ಬಾಗಿಲು ಕೂರಿಸಬೇಕು ಅಂತಿದ್ದಿದ್ದು ಆ ದುಡ್ಡಿನಲ್ಲೇ. ಸದ್ಯಕ್ಕೆ ಹಳೇ ಸೀರೆ ಹರಿದು ಪರದೆ ಕಟ್ಟಿದ್ದೇನೆ, ಎಂಜಿನಿಯರ್ ನಾಳೆ ಬರುತ್ತಾರಂತೆ.