ತಿಥಿ ಮಾಡಿಸುವ ಮಂದಿರ: ಊಟಕ್ಕೆ ಪೂರ್ತಿ ಅಂಕ, ಫಾರಂಗೆ ಅರ್ಧ

ಬೆಂಗಳೂರಿನಲ್ಲಿ ವರ್ಷದ ತಿಥಿ ಮಾಡಿಸಲು ಜಾಗ ಹುಡುಕುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕಡೆ ಇಂಥ ಮಂದಿರಗಳು ಹಲವಿವೆ. ನಾವು ಅಪ್ಪನ ತಿಥಿಗೆ ಹೋದ ಜಾಗದ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಅದೊಂದರ ಮೇಲಷ್ಟೇ ಅಲ್ಲ.

ಮೊದಲು ದುಡ್ಡಿನ ವಿಚಾರ. ಪುರೋಹಿತರು, ಬ್ರಾಹ್ಮಣಾರ್ಥಕ್ಕೆ (ಪಿತೃಗಳ ಸ್ಥಾನದಲ್ಲಿ ಊಟಕ್ಕೆ) ಕೂರುವವರು, ಎಳ್ಳು, ದರ್ಭೆ, ಬಾಳೆಎಲೆ, ಮಡಿ ಅಡುಗೆ, ಮನೆಯವರ ಊಟ ಎಲ್ಲ ಸೇರಿ ಒಂದೇ ಮೊತ್ತ. ಹತ್ತು ಜನರವರೆಗೆ ಸುಮಾರು 14 ಸಾವಿರ. ದಕ್ಷಿಣೆ ಬೇರೆ. ಕಡಿಮೆ ಜನ ಹೋದರೂ ರೇಟು ಅಷ್ಟೇ. ನಾವು ಏಳೇ ಜನ ಇದ್ದಿದ್ದು: ಅಮ್ಮ, ಅಕ್ಕ, ಭಾವ, ಅಕ್ಕನ ಮಗ, ನಾನು, ನನ್ನ ಗಂಡ, ಮಗಳು. ಅಪ್ಪನ ಕಡೆಯವರು ಅಂತ ಅಷ್ಟೇ.

ಹೊಳೆನರಸೀಪುರದ ಮನೆಯಲ್ಲಿ ಅಜ್ಜನ ತಿಥಿ ಅಂದರೆ ಹೀಗಿರಲಿಲ್ಲ. ಅಪ್ಪನ ಒಡಹುಟ್ಟಿದವರು ಒಂಬತ್ತು ಜನ. ಹಿಂದಿನ ದಿನವೇ ಮನೆ ತುಂಬುತ್ತಿತ್ತು. ಬೆಳಗಿನ ಜಾವ ಬಾವಿ ಹತ್ತಿರ ತಣ್ಣೀರು ಸುರಿದುಕೊಂಡು ದೊಡ್ಡಮ್ಮ, ಅಮ್ಮ, ಚಿಕ್ಕಮ್ಮ ಮಡಿಯಲ್ಲಿ ಒಲೆ ಮುಂದೆ ಕೂತರೆ ಮುಗೀತು. ಬ್ರಾಹ್ಮಣರ ಊಟ, ಗಂಡಸರ ಊಟ, ಮಕ್ಕಳ ಊಟ ಎಲ್ಲ ಆಗಿ ಅವರು ಎಲೆ ಮುಂದೆ ಕೂರುವ ಹೊತ್ತಿಗೆ ನಾಲ್ಕು ಗಂಟೆ. ಅದರ ನಡುವೆ ಯಾರು ಎಷ್ಟು ಕೆಲಸ ಮಾಡಿದರು ಅನ್ನೋ ಲೆಕ್ಕ, ಮುನಿಸು, ಪಿಸುಮಾತು. ಒಟ್ಟು ಕುಟುಂಬ ಎಷ್ಟು ಚೆನ್ನ ಅಂತ ಈಗ ನಿಟ್ಟುಸಿರು ಬಿಡುವ ಗಂಡಸರು ಆ ಅಡುಗೆಮನೆಯ ಹೊಗೆ ಕುಡಿದವರಲ್ಲ.

ಆದ್ದರಿಂದ ಈ ಮಂದಿರಕ್ಕೆ ನನ್ನ ಮೊದಲ ಮೆಚ್ಚುಗೆ ಅಮ್ಮನಿಗೆ ಸಿಕ್ಕ ಊಟಕ್ಕೆ. ಗೋರಿಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಮೆಣಸಿನ ಖಾರದ ಹುಳಿ, ಉದ್ದಿನ ವಡೆ, ಎಳ್ಳುಂಡೆ, ಪಾಯಸ. ಒಣಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಯಾವುದೂ ಇಲ್ಲ. ವಡೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಒಂದೂವರೆಗೆಲ್ಲ ಬಡಿಸಿದರು. ಅಮ್ಮ ಎರಡನೇ ಸಲ ಗೊಜ್ಜು ಹಾಕಿಸಿಕೊಂಡು, "ತಿಥಿ ಊಟಾನ ಬಿಸಿಬಿಸಿ ತಿಂದಿದ್ದು ಇದೇ ಮೊದಲು ಕಣೇ" ಅಂದಳು. ಆಕೆಗೆ ಎಪ್ಪತ್ತಾರು.

ಇನ್ನು ತಕರಾರು. ಬುಕಿಂಗ್‌ಗೆ ವಾಟ್ಸಾಪ್‌ನಲ್ಲಿ ಒಂದು ಫಾರಂ ಕಳಿಸುತ್ತಾರೆ. ಗೋತ್ರ, ಸೂತ್ರ, ತಿಥಿ, ಮೂರು ತಲೆಮಾರಿನ ಹೆಸರು. ಕೆಳಗೆ 'ಕರ್ತೃ' (ತಿಥಿ ಮಾಡುವವರು) ಅನ್ನೋ ಸಾಲಿನಲ್ಲಿ ಎರಡೇ ಆಯ್ಕೆ: ಮಗ, ಮಗನ ಮಗ. ಅಪ್ಪನಿಗೆ ನಾವಿಬ್ಬರೂ ಹೆಣ್ಣುಮಕ್ಕಳು. ಫೋನ್ ಮಾಡಿದೆ. ಆ ಕಡೆಯವರು, "ಗಂಡುಮಕ್ಕಳು ಯಾರೂ ಇಲ್ವಾ ಮೇಡಂ?" ಅಂದರು. ಕೇಳಿದ ರೀತಿ, ಮನೆಯಲ್ಲಿ ಹಾಲಿಲ್ವಾ ಅಂತ ಕೇಳಿದ ಹಾಗಿತ್ತು.

ಮಗಳ ಮಗ ತಿಥಿ ಮಾಡುವುದು ಹೊಸದೇನಲ್ಲ. ದೌಹಿತ್ರ ಅಂತ ಶಾಸ್ತ್ರದಲ್ಲೇ ಅವನಿಗೆ ಜಾಗ ಇದೆ. ಮಂತ್ರದಲ್ಲಿ ಪಿತೃ, ಪಿತಾಮಹ ಅನ್ನುವ ಕಡೆ ಮಾತಾಮಹ (ತಾಯಿಯ ತಂದೆ) ಅಂತ ಬದಲಾಗುತ್ತದೆ, ಅಷ್ಟೇ. ಹೆಣ್ಣುಮಕ್ಕಳನ್ನೇ ಕೂರಿಸಿ ಮಾಡಿಸುವ ಪುರೋಹಿತರೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಗಂಡುಮಗ ಇಲ್ಲದ ಮನೆ ಅಪರೂಪವೇನಲ್ಲ. ಹೀಗಿರುವಾಗ ಇದೇ ವ್ಯವಹಾರ ಮಾಡುವವರು ಫಾರಂಗೆ ಇನ್ನೆರಡು ಸಾಲು ಸೇರಿಸಲು ಏನು ಕಷ್ಟ?

ಆಸ್ತಿಯ ಕಾಗದಗಳು ಇವರಿಗಿಂತ ಮುಂದಿವೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಸಿಗಲಿ ಅಂತ ನಮ್ಮ ರಾಜ್ಯ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು. ಮಗಳಿಗೆ ಪಾಲು ಸಿಗಲು ಅಪ್ಪ 2005ರಲ್ಲಿ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಅತ್ತೆಯರು ಯಾವತ್ತೋ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದೊಂದು ಸೀರೆ ಉಡಿಸಿಕೊಂಡು ಹೋದವರು.

ಆದರೆ ಅದೇ ಫಾರಂ ತುಂಬಲು ಕೊನೆಗೆ ಬೇಕಾದದ್ದು ಅವರಲ್ಲೊಬ್ಬರು! ಅಪ್ಪನ ಅಜ್ಜನ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ನ್ಯೂಜೆರ್ಸಿಯ ಚಿಕ್ಕಪ್ಪನ ಮಗನಿಗೂ ಗೊತ್ತಿಲ್ಲ. ಮೈಸೂರಿನಲ್ಲಿರುವ, ಎಂಬತ್ತೆಂಟು ದಾಟಿದ ದೊಡ್ಡತ್ತೆಗೆ ಫೋನ್ ಮಾಡಿದರೆ ಒಂದೇ ಉಸಿರಿಗೆ ಹೇಳಿದರು. ಜೊತೆಗೆ ಆ ಅಜ್ಜನ ಹೆಂಡತಿಯ ಹೆಸರು, ತವರೂರು, ಎಷ್ಟು ಹೆರಿಗೆ ಅನ್ನೋದೂ. ಫಾರಂನಲ್ಲಿ ಆ ಹೆಂಗಸಿನ ಹೆಸರಿಗೆ ಜಾಗವಿಲ್ಲ. ನಾನು ಮನೆಯ ಡೈರಿಯಲ್ಲಿ ಬರೆದಿಟ್ಟೆ.

ಲೈವ್ ವೀಡಿಯೊಗೆ 300 ರೂಪಾಯಿ ಜಾಸ್ತಿ. ದಂಡ. ಸಂಕಲ್ಪ ಶುರುವಾದಾಗ ನ್ಯೂಜೆರ್ಸಿಯಲ್ಲಿ ರಾತ್ರಿ ಒಂದೂವರೆ. ಪಾಪ, ಚಿಕ್ಕಪ್ಪನ ಮಗ ಎದ್ದು ಕೂತಿದ್ದ. ಆದರೆ ಫೋನನ್ನು ಕಂಬಕ್ಕೆ ಕಟ್ಟಿಟ್ಟಿದ್ದರಿಂದ ಅವನಿಗೆ ಕಂಡಿದ್ದು ಪುರೋಹಿತರ ಬೆನ್ನು ಮತ್ತು ಫ್ಯಾನು. ನಿಮ್ಮದೇ ಫೋನಿನಲ್ಲಿ ಕರೆ ಮಾಡಿ, ಒಬ್ಬರು ಕೈಯಲ್ಲಿ ಹಿಡಿದುಕೊಳ್ಳಿ.

ಪುರೋಹಿತರು ಒಳ್ಳೆಯವರು. ತಿಥಿಗೆ ಕೂತಿದ್ದ ಅಕ್ಕನ ಮಗ, ಸಾಫ್ಟ್‌ವೇರ್ ಹುಡುಗ, ಜನಿವಾರ ಎಡಕ್ಕೋ ಬಲಕ್ಕೋ ಅಂತ ತಡಬಡಾಯಿಸಿದಾಗ ಗದರಲಿಲ್ಲ. ವಸು, ರುದ್ರ, ಆದಿತ್ಯ ಅಂತ ಮೂರು ತಲೆಮಾರಿಗೆ ಯಾಕೆ ಕರೆಯುತ್ತಾರೆ ಅಂತ ಕನ್ನಡದಲ್ಲೇ ಬಿಡಿಸಿ ಹೇಳಿದರು. ನನ್ನ ಮಗಳು ಕೇಳಿದ ಪ್ರಶ್ನೆಗಳಿಗೂ ಉತ್ತರ ಕೊಟ್ಟರು. ಪಕ್ಕದ ಹಾಲ್‌ನಲ್ಲಿ ಇನ್ನೊಂದು ಮನೆಯವರ ತಿಥಿ ನಡೆದಿತ್ತು. ಗೋಡೆ ತೆಳುವಾಗಿ ಅವರ ಗೋತ್ರವೂ ನಮಗೆ ಬಾಯಿಪಾಠವಾಯಿತು.

ಹೋಗುವವರಿಗೆ ಒಂದೆರಡು ಮಾತು. ಭಾದ್ರಪದದ ಪಿತೃಪಕ್ಷದಲ್ಲಿ ವಿಪರೀತ ನೂಕುನುಗ್ಗಲು, ಎರಡು ತಿಂಗಳು ಮೊದಲೇ ಹೇಳಿಡಿ. ಲಿಫ್ಟ್ ಇಲ್ಲ, ಊಟದ ಹಾಲ್ ಮೊದಲ ಮಹಡಿಯಲ್ಲಿದೆ. ಮಂಡಿನೋವಿನವರಿಗೆ ಕೆಳಗೇ ಮೇಜು ಹಾಕಿಕೊಡುತ್ತಾರೆ, ಆದರೆ ಕೇಳಬೇಕು. ಕಾರು ನಿಲ್ಲಿಸಲು ಜಾಗವೇ ಇಲ್ಲ, ಆಟೋದಲ್ಲಿ ಹೋಗುವುದು ವಾಸಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ವರ್ಷಕ್ಕೂ ಇಲ್ಲೇ ಮುಂಗಡ ಕೊಟ್ಟಾಯಿತು. ಕೊಡುವಾಗ ಕೌಂಟರಿನಲ್ಲಿದ್ದವರ ಪೆನ್ನು ಇಸಕೊಂಡು, ಫಾರಂನ ಕರ್ತೃ ಸಾಲಿನಲ್ಲಿ 'ಮಗಳ ಮಗ', 'ಮಗಳು' ಅಂತ ಬರೆದು, ಇದನ್ನೂ ಅಚ್ಚು ಹಾಕಿಸಿ ಸ್ವಾಮಿ ಅಂದೆ. ನೋಡೋಣ ಮೇಡಂ ಅಂದರು.