ಕುದುರೆ ತಗೊಳೋರು ಮಂಡಿ ಕೆಳಗಿನ ಕಾಲು ಪರೀಕ್ಷೆ ಮಾಡಿಸ್ದೆ ದುಡ್ಡು ಕೊಡ್ಬೇಡಿ

ಮುರುಡೇಶ್ವರ, ಗೋಕರ್ಣ, ಕಾರವಾರ ಕಡೆ ಬೀಚಲ್ಲಿ ಸವಾರಿಗೆ ಅಂತನೋ ಮದುವೆ ಮೆರವಣಿಗೆಗೆ ಅಂತನೋ ಕುದುರೆ ತಗೊಳೋ ಯೋಚ್ನೆ ಇದ್ರೆ ದಯವಿಟ್ಟು ಪೂರ್ತಿ ಓದಿ. ನಾನೂ ನಮ್ಮ ಚಿಕ್ಕಪ್ಪನ ಮಗನೂ ಸೇರಿ ಒಂದು ಹೆಣ್ಣು ಕುದುರೆ ತಗೊಂಡ್ವಿ, ದಲ್ಲಾಳಿ ಐದು ವರ್ಷದ್ದು ಅಂದ. ಎಡ ಮುಂಗಾಲಲ್ಲಿ ಮಂಡಿ ಕೆಳಗೆ ಹೊರಗಡೆ ಒಂದು ಬಾವು ಇತ್ತು, ಇದೆಂತದು ಕೇಳಿದ್ರೆ "ಎಳೇ ಕುದುರೆಗೆಲ್ಲ ಬರೋ ಗಂಟು, ಏನೂ ಆಗಲ್ಲ" ಅಂದ. ಓಡಿಸಿ ತೋರಿಸಿದ್ದು ಬರೀ ಮೆತ್ತನೆ ಮರಳಲ್ಲಿ, ಚೆನ್ನಾಗೇ ಓಡ್ತು. ಮನೆಗೆ ತಂದ ಮೇಲೆ ಒಂದೆರಡು ದಿನದಲ್ಲಿ ಆ ಕಾಲು ಊರೋದೇ ಬಿಟ್ಬಿಡ್ತು ಮಾರಾಯ್ರೆ, ಮುಟ್ಟಿದ್ರೆ ಬಿಸಿ, ಕೈ ಹಾಕೋಕೂ ಬಿಡ್ತಿರ್ಲಿಲ್ಲ. ದಲ್ಲಾಳಿ ಫೋನ್ ಎತ್ತಲಿಲ್ಲ, ಆಮೇಲೆ ನಂಬರೇ ಬ್ಲಾಕ್.

ದನದ ಡಾಕ್ಟ್ರು ಬಂದು ಬಾಯಿ ತೆಗೆಸಿ ಮೊದ್ಲು ಹಲ್ಲು ನೋಡಿದ್ರು. ಮುಂದಿನ ಹಲ್ಲಲ್ಲಿ ಮೂಲೇದು ಹಾಲುಹಲ್ಲು ಇನ್ನೂ ಬಿದ್ದಿರ್ಲಿಲ್ಲ, ಅದು ಬೀಳೋದು ಸುಮಾರು ನಾಲ್ಕೂವರೆ ವರ್ಷಕ್ಕೆ, ಅಂದ್ರೆ ವಯಸ್ಸೂ ಸುಳ್ಳು. ಎಕ್ಸ್‌ರೇಲಿ ಹೊರಗಿನ ಸ್ಪ್ಲಿಂಟ್ ಬೋನ್ (ಮಂಡಿ ಕೆಳಗೆ ದಪ್ಪ ಎಲುಬಿನ ಪಕ್ಕ ಇರೋ ಸಣ್ಣ ಎಲುಬು) ಮುರಿದಿತ್ತು, ಬೇರೆ ಕುದುರೆ ಒದ್ದು ಆಗಿರ್ಬಹುದು, ನೋವಿನ ಇಂಜೆಕ್ಷನ್ ಕೊಟ್ಟು ಓಡಿಸಿದ್ದಾರೆ ಅನ್ಸತ್ತೆ ಅಂದ್ರು.

ಡಾಕ್ಟ್ರು ಹೇಳ್ಕೊಟ್ಟಿದ್ದನ್ನ ಇಲ್ಲಿ ಬರೀತೀನಿ, ಯಾಕಂದ್ರೆ ದಲ್ಲಾಳಿ ಹೇಳಿದ್ರಲ್ಲಿ ಅರ್ಧ ನಿಜ ಇತ್ತು, ಅದೇ ಅಪಾಯ. ಕುದುರೆ ಮುಂಗಾಲಲ್ಲಿ ನಾವು ಮಂಡಿ ಅನ್ನೋದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ, ಗೊರಸು ಅಂದ್ರೆ ನಡುಬೆರಳಿನ ಉಗುರು. ಮಂಡಿಯಿಂದ ಕೆಳಗೆ ಮಾಂಸಖಂಡ ಅನ್ನೋದೇ ಇಲ್ಲ, ಚರ್ಮ, ಹಗ್ಗದಂಥ ಸ್ನಾಯುರಜ್ಜುಗಳು (ಟೆಂಡನ್), ಎಲುಬು ಅಷ್ಟೇ, ಹಾಗಾಗಿ ಪೆಟ್ಟು ಬಿದ್ರೆ ಸೀದಾ ಎಲುಬಿಗೇ. ನಡುವೆ ದಪ್ಪದ ಕ್ಯಾನನ್ ಬೋನ್, ಅದ್ರ ಎರಡೂ ಪಕ್ಕ ಹಿಂದಕ್ಕೆ ಅಂಟ್ಕೊಂಡು ಕೆಳಗೆ ಹೋದಂಗೆ ಸಣ್ಣ ಆಗೋ ಎರಡು ಸ್ಪ್ಲಿಂಟ್ ಬೋನ್. ಇವನ್ನ ಹಿಡಿದಿಡೋ ಕಟ್ಟು ಎಳೇ ಕುದುರೇಲಿ, ಅದೂ ಎರಡು ಮೂರು ವರ್ಷದ್ದನ್ನ ಗಟ್ಟಿ ನೆಲದಲ್ಲಿ ದುಡಿಸಿದ್ರೆ, ಹರಿದು ಆಮೇಲೆ ಎಲುಬಾಗಿ ಗಂಟು ಬೀಳತ್ತೆ. ಆ ಗಂಟು ಹೆಚ್ಚಾಗಿ ಮುಂಗಾಲಿನ ಒಳಗಡೆ ಇರತ್ತೆ, ಹಳೇದಾದ್ರೆ ತಣ್ಣಗೆ ಗಟ್ಟಿ, ಒತ್ತಿದ್ರೂ ನೋವಿಲ್ಲ, ಸಾಮಾನ್ಯವಾಗಿ ತೊಂದ್ರೆ ಇಲ್ಲ. ಹೊರಗಡೆ ಬಾವು, ಬಿಸಿ, ಒತ್ತಿದ್ರೆ ಕಾಲು ಎಳ್ಕೊಳೋದು, ಇದು ಬೇರೆ ಕಥೆ. ಐದು ವರ್ಷ ಅಂದವನೇ ಎಳೇ ಕುದುರೆ ಗಂಟು ಅಂತನೂ ಹೇಳ್ತಿದ್ದ ನೋಡಿ.

ನೋಡೋಕೆ ಹೋದಾಗ ಎರಡೂ ಕಾಲನ್ನ ಕೈ ಹಿಂಭಾಗದಿಂದ ಮುಟ್ಟಿ ಬಿಸಿ ಹೋಲಿಸಿ. ಗಟ್ಟಿ ನೆಲದಲ್ಲಿ, ಹಗ್ಗ ಸಡಿಲ ಬಿಟ್ಟು, ನೇರ ಓಡಿಸಿ ಅನ್ನಿ. ಮುಂಗಾಲು ಕುಂಟಾದ್ರೆ ನೋವಿರೋ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲೆ ಹೋಗತ್ತೆ, ಒಳ್ಳೇ ಕಾಲು ಬಿದ್ದಾಗ ಕೆಳಗೆ ಬರತ್ತೆ, ಮರಳಲ್ಲಿ ಸಣ್ಣ ಕುಂಟು ಕಣ್ಣಿಗೆ ಬೀಳದೇ ಹೋಗಬಹುದು. ಇಂಜೆಕ್ಷನ್ ಇಳಿಯೋಕೆ ಕೆಲವು ದಿನ ಬೇಕು, ಅಷ್ಟು ದಿನ ನಿಮ್ಮ ಕೊಟ್ಟಿಗೇಲಿ ಇಟ್ಟು ನೋಡೋಕೆ ಒಪ್ಪದವನ ಹತ್ರ ವ್ಯಾಪಾರ ಬೇಡ. ಎಕ್ಸ್‌ರೇ ತೆಗೆಸಿ, ಆದ್ರೆ ಹೊಸ ಕೂದಲೆಳೆ ಬಿರುಕು ಮೊದಲ ಎಕ್ಸ್‌ರೇಲಿ ಕಾಣದೇ ಇರಬಹುದು, ಅನುಮಾನ ಇದ್ರೆ 10-14 ದಿನ ಬಿಟ್ಟು ಮತ್ತೆ ತೆಗಿಬೇಕು.

ಇನ್ನೊಂದು, ನಮ್ಮೂರಲ್ಲಿ ಒಬ್ರು ಹಿರಿಯರು ಕಬ್ಬಿಣ ಕಾಸಿ ಬರೆ ಹಾಕಿ ಅಂದ್ರು, ಪಾಪ ಒಳ್ಳೇ ಮನಸ್ಸಿಂದಲೇ. ಡಾಕ್ಟ್ರು ಬಿಡಲೇ ಇಲ್ಲ. ಬರೆಯಿಂದ ಎಲುಬು ಕೂಡಲ್ಲ, ಗಾಯ ಮಾತ್ರ ಆಗತ್ತೆ, ಕುದುರೆಗೆ ಧನುರ್ವಾಯು ಬೇರೆ ಪ್ರಾಣಿಗಿಂತ ಬೇಗ ತಗಲತ್ತೆ. ಎಣ್ಣೆ ಹಾಕಿ ತಿಕ್ಕೋದೂ ಬೇಡ, ಮನುಷ್ಯರ ನೋವಿನ ಮಾತ್ರೆಯಂತೂ ಕೊಡಲೇಬೇಡಿ. ಕಾಲು ಊರದಿದ್ರೆ ನಡೆಸದೆ ನಿಲ್ಲಿಸಿ, ದಪ್ಪ ಹತ್ತಿ ಸುತ್ತಿ ಬ್ಯಾಂಡೇಜ್ ಕಟ್ಟಿ 1962ಕ್ಕೆ ಫೋನ್ ಮಾಡಿ, ಸರ್ಕಾರದ ಪಶು ಆಂಬುಲೆನ್ಸ್ ನಂಬರ್ ಅದು.

ನಮ್ಮದನ್ನ ಕೊಟ್ಟಿಗೇಲೇ ಇಟ್ಟಿದ್ದೀವಿ, ಸ್ಪ್ಲಿಂಟ್ ಬೋನ್ ಆಗಿದ್ದಕ್ಕೆ ಬಚಾವ್, ಕ್ಯಾನನ್ ಬೋನ್ ಪೂರ್ತಿ ಮುರಿದಿದ್ರೆ ಉಳಿಸೋದೇ ಕಷ್ಟ ಇತ್ತಂತೆ. ಈಗಲೂ ಭಯ ಇದ್ದಿದ್ದು ಇನ್ನೊಂದು ಮುಂಗಾಲಿಂದು. ಮೈ ಭಾರದಲ್ಲಿ ಸುಮಾರು 60 ಪರ್ಸೆಂಟ್ ಮುಂದಿನ ಕಾಲುಗಳ ಮೇಲೇ, ತುಂಬಾ ದಿನ ಒಂದೇ ಕಾಲಲ್ಲಿ ಹೊತ್ರೆ ಗೊರಸಿನ ಒಳಗಿನ ಹಿಡಿತ ಸಡಿಲ ಆಗಿ ಅಲ್ಲಿರೋ ಎಲುಬು ಕೆಳಗೆ ಜಾರೋ ಸಾಧ್ಯತೆ ಇದೆ, ಅದಕ್ಕೇ ದಿನಾ ಎರಡು ಹೊತ್ತು ಆ ಗೊರಸನ್ನೂ ಮುಟ್ಟಿ ನೋಡ್ತೀವಿ, ಕಾಲಡಿಗೆ ಮೆತ್ತಗೆ ಹುಲ್ಲು ಹಾಸಿದ್ದೀವಿ. ಸವಾರಿ ಮಾತು ಸದ್ಯಕ್ಕಿಲ್ಲ.

ಅದೇ ದಲ್ಲಾಳಿ ಈಗ ಕುಮಟಾ, ಹೊನ್ನಾವರ ಕಡೆ ಇನ್ನೊಂದು ಕುದುರೆ ತೋರಿಸ್ತಿದ್ದಾನೆ ಅಂತ ಸುದ್ದಿ. ಯಾರೇ ಆಗ್ಲಿ, ಮರಳಲ್ಲಿ ಮಾತ್ರ ಓಡಿಸ್ತೀನಿ, ಡಾಕ್ಟ್ರನ್ನ ಕರ್ಕೊಂಡು ಬರ್ಬೇಡಿ ಅಂದ್ರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.